ಹೊನ್ನಾರಿನ ಒಂಬತ್ತು ದಿನ

ಅಣ್ಣನ ಸುದ್ದಿ ಬಂದ ದಿನ ನಾನು ಅಜ್ಜಂಪುರದ ಶಾಲೆಯಲ್ಲಿ ಹುಡುಗಿಯರಿಗೆ ತ್ರೈರಾಶಿ ಹೇಳಿಕೊಡುತ್ತಿದ್ದೆ. 1957ನೇ ಇಸವಿ. ಯುಗಾದಿ ಕಳೆದು ಎರಡು ದಿನವಾಗಿತ್ತು. ಪಕ್ಕದ ಮನೆಯ ಈರಕ್ಕ ತರಗತಿಯ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ. ಕಪ್ಪು ಹಲಗೆಯ ಮೇಲಿನ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಅವಳ ಹಿಂದೆ ನಡೆದೆ.

ಅಣ್ಣ ಈರಭದ್ರಪ್ಪ ಆ ಬೆಳಿಗ್ಗೆ ಹೊನ್ನಾರು ಹೂಡಲು ಹೋಗಿದ್ದ. ಯುಗಾದಿಯಾದ ಮೇಲೆ ನೇಗಿಲಿಗೆ ಪೂಜೆ ಮಾಡಿ ವರ್ಷದ ಮೊದಲ ಸಾಲು ಉಳುವುದಕ್ಕೆ ನಮ್ಮ ಕಡೆ ಹೊನ್ನಾರು ಎನ್ನುತ್ತಾರೆ. ಆ ಸಾಲು ಎಲ್ಲಿಯವರೆಗೆ ಹೋಯಿತೋ ಅಲ್ಲಿಯವರೆಗೆ ನೆಲ ತನ್ನದೆಂದು ಪ್ರತಿಯೊಬ್ಬನ ಹಟ. ಬದುವಿನ ಆಚೆ ಅಂಜಿನಪ್ಪನ ಹೊಲ. ಅಂಜಿನಪ್ಪನ ತಮ್ಮನಿಗೂ ಅಣ್ಣನಿಗೂ ಮಾತು ಬೆಳೆಯಿತು. ಆ ತಮ್ಮನ ಕೈಯಲ್ಲಿ ಕೊಡಲಿಯಿತ್ತು.

ಕೊಡಲಿ ಎತ್ತಿದವನು ಜೈಲು ಸೇರಿದ. ಹದಿನೈದು ದಿನದ ಮೇಲೆ ಬೀರೂರಿನ ಪೊಲೀಸ್ ಕಚೇರಿಯಿಂದ ರೈಟರ್ ದೇವೀರಪ್ಪ ಎಂಬವರು ನಮ್ಮವ್ವ ಕಲ್ಲಮ್ಮನ ಹೇಳಿಕೆ ಬರೆದುಕೊಳ್ಳಲು ಬಂದರು. ಹಣೆಯಲ್ಲಿ ವಿಭೂತಿ, ಬೆರಳಿನಲ್ಲಿ ಶಾಯಿಯ ಕಲೆ. ಅವ್ವ ಅತ್ತಾಗಲೆಲ್ಲ ಲೇಖನಿ ಕೆಳಗಿಟ್ಟು ಕಾದರು. ಕೊನೆಗೆ ಓದಿ ಹೇಳಿದಾಗ ದಿನಾಂಕ ಇಂಗ್ಲಿಷ್ ತಿಂಗಳಲ್ಲಿತ್ತು.

“ಚೈತ್ರ ಶುದ್ಧ ತದಿಗೆ ಅಂತಾನೂ ಬರ್ಕೊಳ್ಳಿ,” ಎಂದೆ.

“ನಮ್ಮ ರಿಜಿಸ್ಟರ್‌ನಲ್ಲಿ ಚೈತ್ರ ಇಲ್ಲ ಟೀಚರಮ್ಮ.”

ಹಾಗೆಂದರೂ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ಬರೆದುಕೊಂಡರು. ಬರೆದು, ನಾನು ನೋಡಿದೆನೋ ಇಲ್ಲವೋ ಎಂದು ಒಮ್ಮೆ ತಲೆಯೆತ್ತಿದರು. ನಾನು ನೋಡಿದ್ದೆ.

ದೀಪಾವಳಿ ಕಳೆದ ಭಾನುವಾರ ಅದೇ ಮನುಷ್ಯ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿದರು. ಕಂಕುಳಲ್ಲಿ ಸುರುಳಿ ಸುತ್ತಿದ ಗ್ರಾಫ್ ಕಾಗದ. ಕೇಸಿನ ಕೆಲಸವೇನೂ ಇರಲಿಲ್ಲ. ಅವ್ವನ ಅಪ್ಪಣೆ ಕೇಳಿ ಜಗುಲಿಯ ಮೇಲೆ ಕಾಗದ ಹರಡಿದರು. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಕಡೆ ಹನ್ನೆರಡು ವರ್ಷದಲ್ಲಿ ನಡೆದ ಮೂವತ್ತೊಂದು ಕೊಲೆಗಳನ್ನು ತಿಂಗಳುವಾರು ಜೋಡಿಸಿದ್ದರು.

“ಆಗಿದ್ದನ್ನ ಬರ್ದು ಬರ್ದು ಸಾಕಾಗಿದೆ. ಆಗೋದನ್ನ ಮುಂಚೇನೇ ಬರ್ಯೋಕಾಗುತ್ತಾ ಅಂತ ನೋಡ್ತಿದ್ದೀನಿ. ನೀವು ಲೆಕ್ಕದ ಟೀಚರು, ಸ್ವಲ್ಪ ನೋಡಿ.”

ನೋಡಿದೆ. ಮಾರ್ಚಿನಲ್ಲಿ ಕೆಲವು, ಏಪ್ರಿಲಿನಲ್ಲಿ ಕೆಲವು, ಉಳಿದವು ವರ್ಷದ ತುಂಬ ಚೆಲ್ಲಿದ್ದವು. ಕೊಲೆ ಯಾವಾಗ ಬೇಕಾದರೂ ಆದೀತು ಎನ್ನುವುದಕ್ಕಿಂತ ಹೆಚ್ಚಿನದನ್ನು ಆ ಕಾಗದ ಹೇಳುತ್ತಿರಲಿಲ್ಲ. ಸತ್ತವರ ಹೆಸರೂ ಇರಲಿಲ್ಲ, ಬರೀ ಗೆರೆಗಳು. ಅದರಲ್ಲೊಂದು ಗೆರೆ ನನ್ನ ಅಣ್ಣ.

“ಹೆಸರಿಲ್ದೆ ನಾನು ಕೂಡೋದೂ ಇಲ್ಲ, ಕಳೆಯೋದೂ ಇಲ್ಲ,” ಎಂದೆ.

ಅವರ ಕಿವಿ ಕೆಂಪಾಯಿತು. ಕಾಗದ ಸುತ್ತಿಕೊಂಡು ಹೋದರು. ಇನ್ನು ಬರುವುದಿಲ್ಲವೆಂದುಕೊಂಡೆ. ಮುಂದಿನ ಭಾನುವಾರದ ರೈಲಿಗೆ ಮೂವತ್ತೊಂದು ಹೆಸರುಗಳನ್ನೂ ದುಂಡಗೆ ಬರೆದು ತಂದಿದ್ದರು.

ಅಂದು ಅವ್ವ ದೇವರ ಗೂಡಿನ ಕೆಳಗಿಂದ ಹಳೆಯ ಪಂಚಾಂಗಗಳ ಕಟ್ಟು ತಂದಿಟ್ಟಳು. ಪಂಚಾಂಗವನ್ನು ಅವಳು ಎಂದೂ ಎಸೆದವಳಲ್ಲ. ದೇವೀರಪ್ಪನವರು ಹೆಸರು, ತಾರೀಖು ಓದುವುದು, ನಾನು ತಿಥಿ ಹುಡುಕಿ ಹೊಸ ಕಾಗದದ ಮೇಲೆ ಕೆಂಪು ಚುಕ್ಕೆ ಇಡುವುದು ಎಂದಾಯಿತು.

ಮೊದಲ ಹೆಸರು, ಚೈತ್ರ ಶುದ್ಧ ಪಂಚಮಿ. ಮೂರನೆಯದು, ಚೈತ್ರ ಶುದ್ಧ ಬಿದಿಗೆ. ಆರನೆಯದು ಮತ್ತೆ ಚೈತ್ರ. ಒಂಬತ್ತನೆಯದಕ್ಕೆ ನಾನು ಕಾಗದದ ಮೇಲೆ ಬಾಗಿದ್ದೆ. ಅವರೂ ಕುಳಿತಲ್ಲಿಂದ ಸರಿದು ಹತ್ತಿರ ಬಂದಿದ್ದರು; ಅವರ ಉಸಿರಿಗೆ ಕಾಗದದ ತುದಿ ಮೇಲೇಳುತ್ತಿತ್ತು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಯುಗಾದಿ ಒಂದು ವರ್ಷ ಮಾರ್ಚಿನ ನಡುವೆ ಬಂದರೆ ಇನ್ನೊಂದು ವರ್ಷ ಏಪ್ರಿಲಿಗೆ ಜಾರುತ್ತದೆ. ಇಂಗ್ಲಿಷ್ ತಿಂಗಳು ಅದನ್ನು ಎರಡಾಗಿ ಸೀಳಿಬಿಟ್ಟಿತ್ತು. ಹನ್ನೆರಡು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದದ್ದು ಯಾರಿಗೂ ಕಂಡಿರಲಿಲ್ಲ.

ಮೂವತ್ತೊಂದರಲ್ಲಿ ಹದಿನಾಲ್ಕು, ಪಾಡ್ಯದಿಂದ ನವಮಿಯವರೆಗಿನ ಒಂಬತ್ತೇ ದಿನದಲ್ಲಿ. ಹೊನ್ನಾರಿನ ದಿನಗಳಲ್ಲಿ.

ಹದಿನಾಲ್ಕನ್ನೂ ಆತುರದಿಂದ ಇನ್ನೊಮ್ಮೆ ಎಣಿಸಿದೆ. ತಲೆಯೆತ್ತಿದರೆ ಅವರ ಕಣ್ಣು ಕಾಗದದ ಮೇಲಿರಲಿಲ್ಲ. ಶೋಕದ ಮನೆಯಲ್ಲಿ ಇಂಥ ಉತ್ಸಾಹ ತಪ್ಪಲ್ಲವೇ ತಂದೆ ಎಂದು ಮನಸ್ಸಿನಲ್ಲೇ ಶಿವನನ್ನು ಕೇಳಿದೆ. ಕೆಂಪು ಪೆನ್ಸಿಲು ಉರುಳಿ ಅವರ ಕಡೆ ಹೋಯಿತು. ಕೊಡಲು ಅವರು ಸ್ವಲ್ಪ ತಡಮಾಡಿದರು.

ಆಮೇಲಿನ ಭಾನುವಾರಗಳೆಲ್ಲ ರೈಲಿನ ಕೂಗಿಗೆ ಕಿವಿಗೊಟ್ಟೇ ಬೆಳಗಾದವು. ಅವ್ವ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲೇ ಕೂರುತ್ತಿದ್ದಳು. ಒಂದು ದಿನ ಅವರು ಹೋದ ಮೇಲೆ, “ಕೊಲೆ ಲೆಕ್ಕ ಹಾಕಕ್ಕೆ ಇಷ್ಟು ಎಣ್ಣೆ ಹಚ್ಚಿ ತಲೆ ಬಾಚ್ಕೊಂಡು ಬರ್ಬೇಕೇನೇ ಆ ಹುಡುಗ?” ಎಂದಳು. ಅಣ್ಣ ಹೋದ ಮೇಲೆ ಅವ್ವ ತಮಾಷೆಯ ಮಾತಾಡಿದ್ದು ಅದೇ ಮೊದಲು. ನಾನು ಒಳಗೆ ಹೋಗಿ ನಕ್ಕೆ. ನಕ್ಕು ಅತ್ತೆ.

ದಿನ ಗೊತ್ತಾಯಿತು, ಸ್ಥಳ ಗೊತ್ತಾಗಬೇಕಿತ್ತು. ಹದಿನಾಲ್ಕರಲ್ಲಿ ಹನ್ನೊಂದು ನಡೆದದ್ದು ಗಡಿಯ ಬಾಂದು ಕಲ್ಲು ಕಳೆದುಹೋಗಿದ್ದ ಬದುಗಳ ಮೇಲೆ. ದೇವೀರಪ್ಪನವರು ತಾಲ್ಲೂಕು ಕಚೇರಿಗಳಿಗೆ ಅಲೆದು ತಕರಾರು ಅರ್ಜಿಗಳನ್ನೆಲ್ಲ ತೆಗೆಸಿ, ಕಲ್ಲಿಲ್ಲದ ಬದುಗಳ ಪಟ್ಟಿ ಮಾಡಿ ತಂದರು. ಏಳು ಇದ್ದವು. ಏಳನೆಯದನ್ನು ಓದದೆ ಕಾಗದವನ್ನೇ ನನ್ನ ಕೈಗೆ ಕೊಟ್ಟರು. ಅದು ನಮ್ಮ ಹೊಲ.

ನನ್ನ ತಮ್ಮ ಸೋಮಶೇಖರಪ್ಪನಿಗೆ ಆಗ ಇಪ್ಪತ್ತೆರಡು. ಅಣ್ಣ ಉತ್ತ ಸಾಲಿನಿಂದ ಒಂದು ಗೇಣೂ ಹಿಂದೆ ಸರಿಯುವುದಿಲ್ಲವೆಂದು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕುಡುಗೋಲನ್ನು ಎರಡು ಸಲ ಸಾಣೆ ಹಿಡಿಸಿದ್ದನ್ನು ನಾನೇ ಕಂಡಿದ್ದೆ.

ಲೆಕ್ಕ ಸ್ಪಷ್ಟವಿತ್ತು. ಬರುವ ಯುಗಾದಿಯ ಒಂಬತ್ತು ದಿನದಲ್ಲಿ ಈ ಏಳು ಬದುಗಳಲ್ಲಿ ಎಲ್ಲೋ ಒಂದು ಜೀವ ಹೋಗುತ್ತದೆ, ಎರಡಾದರೂ ಆಶ್ಚರ್ಯವಿಲ್ಲ. ಅದನ್ನು ಬರೆದು ಮುಗಿಸಿದ ದಿನವೇ ದೇವೀರಪ್ಪನವರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, ತಮ್ಮ ತಾಯಿಯನ್ನು ಕರೆತಂದು ನಮ್ಮವ್ವನ ಹತ್ತಿರ ಒಂದು ಮಾತು ಕೇಳಿಸಬಹುದೇ ಎಂದರು.

“ಮೊದ್ಲು ಈ ಲೆಕ್ಕ ತಪ್ಪಲಿ. ಆಮೇಲೆ ಕೇಳಿ,” ಎಂದೆ.

“ಹನ್ನೆರಡು ವರ್ಷದಿಂದ ತಪ್ಪಿಲ್ಲ ಮಲ್ಲಿಕಾಂಬಾ.”

ಟೀಚರಮ್ಮ ಬಿಟ್ಟು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆ ಹೆಸರು ಅಷ್ಟು ಚೆನ್ನಾಗಿದೆಯೆಂದು ನನಗೆ ಗೊತ್ತಿರಲಿಲ್ಲ.

“ಅದಕ್ಕೇ ಹೇಳ್ತಿರೋದು. ಇನ್ನೊಬ್ಬ ತಾಯಿ ಅಳೋವಾಗ ನಾನು ಬಾಸಿಂಗ ಕಟ್ಕೊಳ್ಳಲ್ಲ.”

ಅವರು ಆ ಕಾಗದವನ್ನು ಮೇಲಧಿಕಾರಿಗೆ ತೋರಿಸಿದರು. ಪೊಲೀಸಿನವನು ಪಂಚಾಂಗ ನೋಡಿಕೊಂಡು ಲಾಠಿ ಹಿಡಿಯಬೇಕೇ ಎಂದು ಅಲ್ಲಿ ನಗೆಯಾಯಿತಂತೆ. ಬೇಸರ ಮಾಡಿಕೊಳ್ಳದೆ ಕಂದಾಯದ ಅಮಲ್ದಾರರ ಬಳಿ ಹೋದರು. ಅಮಲ್ದಾರರು ಒಕ್ಕಲು ಮನೆತನದಿಂದ ಬಂದವರು, ಹೊನ್ನಾರು ಕಂಡವರು. ಚುಕ್ಕೆಗಳನ್ನು ಬಹಳ ಹೊತ್ತು ನೋಡಿ, ಯುಗಾದಿಯೊಳಗೆ ಏಳೂ ಕಡೆ ಅಳೆದು ಕಲ್ಲು ನೆಡಿಸಲು ಹುಕುಂ ಬರೆದರು.

ನಮ್ಮ ಬದುವಿಗೆ ಸರ್ವೆಯರ್ ಬಂದದ್ದು ಹೋಳಿ ಹುಣ್ಣಿಮೆಯ ಮಾರನೇ ದಿನ. ಒಂದು ಕಡೆ ಅಂಜಿನಪ್ಪ, ಒಂದು ಕಡೆ ನನ್ನ ತಮ್ಮ. ನಡುವೆ ಸರಪಳಿ ಎಳೆದರು. ಮತ್ತೊಮ್ಮೆ ಎಳೆಯಿರಿ ಎಂದ ತಮ್ಮ. ಮತ್ತೊಮ್ಮೆ ಎಳೆದರು. ಗಡಿ ಅದೇ ಜಾಗಕ್ಕೆ ಬಂತು. ಅಣ್ಣ ಎರಡು ಮೊಳ ಆಚೆ ಉತ್ತಿದ್ದ.

ತಮ್ಮನ ಮುಖ ಕಪ್ಪಿಟ್ಟಿತು. ಅಂಜಿನಪ್ಪ ಗೆದ್ದವನಂತೆ ನಿಲ್ಲಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದ. ಅವ್ವ ಮುಂದೆ ಹೋಗಿ, ಆಗಷ್ಟೇ ನೆಟ್ಟ ಕಲ್ಲಿಗೆ ತನ್ನ ಹಣೆಯ ವಿಭೂತಿ ತೆಗೆದು ಹಚ್ಚಿದಳು.

“ಈ ಕಲ್ಲು ಒಂದು ವರ್ಷ ಮುಂಚೆ ಬಂದಿದ್ರೆ ನನ್ನ ಮಗ ಉಳೀತಿದ್ದ ಕಣಪ್ಪಾ,” ಎಂದಳು. “ನಿನ್ನ ತಮ್ಮನೂ ಮನೇಲಿರ್ತಿದ್ದ.”

1958ರ ಯುಗಾದಿ ಬಂತು. ನನ್ನ ಪಾಲಿನ ಬೇವು ಬೆಲ್ಲವನ್ನು ತಮ್ಮನ ಕೈಗೆ ಹಾಕಿದೆ. ತದಿಗೆಯ ದಿನ ತಮ್ಮ ಹೊನ್ನಾರು ಹೂಡಿದ. ನಾನು ದೂರದ ಬೇವಿನ ಮರದ ಕೆಳಗೆ ಇಷ್ಟಲಿಂಗವನ್ನು ಎದೆಗೊತ್ತಿಕೊಂಡು ನಿಂತಿದ್ದೆ. ಅದೇ ಹೊತ್ತಿಗೆ ಅಂಜಿನಪ್ಪನ ಎತ್ತುಗಳೂ ಆಚೆಯಿಂದ ಬಂದವು. ಎರಡು ನೇಗಿಲೂ ಕಲ್ಲಿನ ಹತ್ತಿರಕ್ಕೆ ಬಂದವು. ತಮ್ಮ ಕಲ್ಲಿಗೆ ಒಂದು ಮಾರು ಇರುವಾಗ ನೇಗಿಲು ಎತ್ತಿ ಎತ್ತು ತಿರುಗಿಸಿದ. ಅಂಜಿನಪ್ಪ, ಅವನು ಪೂರ್ತಿ ತಿರುಗುವವರೆಗೆ ಕಾದು, ತಾನೂ ತಿರುಗಿಸಿದ. ಎತ್ತಿನ ಗೆಜ್ಜೆಯ ಸದ್ದು ಅಷ್ಟು ಇಂಪಾಗಿ ನಾನು ಆಮೇಲೆ ಕೇಳಿಲ್ಲ.

ಉಳಿದದ್ದು ಆರು ದಿನ. ಪ್ರತಿ ದಿನ ಶಾಲೆಗೆ ಹೋಗುವಾಗ ಹಲಗೆಯ ಮೂಲೆಯಲ್ಲಿ ಒಂದು ಗೆರೆ ಎಳೆಯುತ್ತಿದ್ದೆ. ಹುಡುಗಿಯರು ಪರೀಕ್ಷೆಯ ಲೆಕ್ಕವೆಂದುಕೊಂಡರು. ಅಷ್ಟಮಿಯ ದಿನ ಬಸ್ಸಿನವರು ಸುದ್ದಿ ತಂದರು, ಲಿಂಗದಹಳ್ಳಿಯಲ್ಲಿ ಬದುವಿನ ಜಗಳಕ್ಕೆ ಒಬ್ಬನ ತಲೆ ಒಡೆದಿದೆ, ತರೀಕೆರೆಯ ಆಸ್ಪತ್ರೆಗೆ ಹೊತ್ತೊಯ್ದಿದ್ದಾರೆ ಎಂದು. ನಮ್ಮ ಏಳರಲ್ಲಿ ಅದೂ ಒಂದು. ನಾನು ಅನ್ನ ಬಿಟ್ಟು ದೇವರ ಮುಂದೆ ಕುಳಿತೆ. ಆ ಮನುಷ್ಯನ ಹೆಸರು ನನಗೆ ಗೊತ್ತಿರಲಿಲ್ಲ. ಲಿಂಗದಹಳ್ಳಿಯವನೇ ಎಂದು ಕರೆದು ಅವನಿಗಾಗಿ ಬೇಡಿಕೊಂಡೆ.

ದಶಮಿಯ ಬೆಳಿಗ್ಗೆ ರೈಲು ಕೂಗಿತು. ಭಾನುವಾರವಲ್ಲ. ನಾನು ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು ಜಗುಲಿಗೆ ಬಂದೆ. ದೇವೀರಪ್ಪನವರು ಬೀದಿಯ ತುದಿಯಿಂದ ಓಡುತ್ತ ಬರುತ್ತಿದ್ದರು. ಪೊಲೀಸ್ ಕಚೇರಿಯವರು ಓಡಿದರೆ ಜನ ಹೆದರುತ್ತಾರೆ. ನಮ್ಮ ಬೀದಿಯ ಬಾಗಿಲುಗಳೆಲ್ಲ ತೆರೆದವು. ತಲೆಗೆ ಎಣ್ಣೆಯಿಲ್ಲ, ಅಂಗಿಯ ಗುಂಡಿ ತಪ್ಪಿ ಹಾಕಿದೆ.

“ಮುದ್ದಪ್ಪ ಅಂತ ಅವನ ಹೆಸ್ರು,” ಎಂದರು ಏದುಸಿರು ಬಿಡುತ್ತ. “ಹನ್ನೆರಡು ಹೊಲಿಗೆ ಬಿದ್ದಿದೆ. ಇವತ್ತು ಎದ್ದು ಕೂತು ಗಂಜಿ ಕುಡ್ದ. ನಾನೇ ಕಣ್ಣಾರೆ ನೋಡ್ಕೊಂಡು ಬಂದೆ.”

“ಉಳಿದ ಕಡೆ?”

ಅವರು ಗ್ರಾಫ್ ಕಾಗದ ಬಿಚ್ಚಿದರು. ಹೊಸ ವರ್ಷದ ಒಂಬತ್ತು ಚೌಕಗಳೂ ಬೆಳ್ಳಗಿದ್ದವು. ನಾನು ಬೆರಳಿಟ್ಟು ಒಂದೊಂದಾಗಿ ಎಣಿಸಿದೆ. ಏಳರಲ್ಲಿ ತಡವರಿಸಿದೆ. ಅವರ ಶಾಯಿಯ ಬೆರಳು ಬಂದು ಎಂಟು, ಒಂಬತ್ತು ತೋರಿಸಿತು. ಬಂದ ಬೆರಳು ಹಿಂದೆ ಹೋಗಲಿಲ್ಲ.

“ಲೆಕ್ಕ ತಪ್ತು,” ಎಂದೆ.

“ಅಂದ್ರೆ ಅಮ್ಮನ್ನ ಕರ್ಕೊಂಡು ಬರ್ಲಾ?”

ನಾನು ಹೂಂ ಎನ್ನುವ ಮೊದಲೇ ಒಳಗಿಂದ ಅವ್ವ ಕೂಗಿದಳು. “ಬರೋವಾಗ ಗುಂಡಿ ಸರಿಯಾಗಿ ಹಾಕ್ಕೊಂಡು ಬಾ ಅನ್ನೇ.”

ಮದುವೆ ವೈಶಾಖದಲ್ಲಿ ನಡೆಯಿತು. ಅದಕ್ಕೂ ಮುಂಚೆ, ಆ ತಿಂಗಳ ಮೊದಲ ಸೋಮವಾರ, ನಾವಿಬ್ಬರೂ ಅವ್ವನ ಜೊತೆ ಆ ಬದುವಿಗೆ ಹೋದೆವು. ಕಲ್ಲಿನ ಮುಂದೆ ಬಿಲ್ವಪತ್ರೆ ಇಟ್ಟು, ಮೂವತ್ತು ಹೆಸರುಗಳನ್ನು ಅವರು ಓದಿದರು. ಕೊನೆಯ ಹೆಸರನ್ನು ನನಗೆ ಬಿಟ್ಟರು.

ತಂದೆ, ನನ್ನ ಅಣ್ಣ ಈರಭದ್ರಪ್ಪ ಎರಡು ಮೊಳ ನೆಲಕ್ಕೆ ಆಸೆಪಟ್ಟ, ಅವನ ತಪ್ಪನ್ನು ಮನ್ನಿಸು. ಅವನ ಮೇಲೆ ಕೈ ಎತ್ತಿದವನ ತಪ್ಪನ್ನೂ ಮನ್ನಿಸು. ಅಳೆಯುವ ಸರಪಳಿಯಿಲ್ಲದ, ಬದುವಿಲ್ಲದ ನಿನ್ನ ಬಯಲಲ್ಲಿ ಅವನಿಗೆ ನೆಮ್ಮದಿಯ ಜಾಗ ಕೊಡು.