ನಿದ್ದೆ ಅಳೆಯುವ ಬಳೆ

“ಅಭಿನಂದನೆಗಳು! ನಿಮಗೆ ಮನೆ ಇದೆ!” ಎಂದು ದ್ಯಾಮವ್ವನ ಕೈಯ ಬಳೆ ಬೆಳ್ಳಂಬೆಳಿಗ್ಗೆ ಹುಬ್ಬಳ್ಳಿಯ ಪೇಟೆಗೆಲ್ಲ ಕೇಳುವಂತೆ ಕೂಗಿತು. ಬಾಗಿಲು ಮುಚ್ಚಿದ ಹಳೆಯ ಚಿತ್ರಮಂದಿರದ ಮೆಟ್ಟಿಲ ಮೇಲೆ ರಟ್ಟಿನ ಹಾಸಿಗೆ ಮಡಚುತ್ತಿದ್ದ ದ್ಯಾಮವ್ವ ಬಳೆಯನ್ನು ದಿಟ್ಟಿಸಿ ನೋಡಿದಳು. ಐವತ್ತೆಂಟು ವರ್ಷಗಳಲ್ಲಿ ಅವಳಿಗೆ ಸುಳ್ಳು ಹೇಳಿದವರು ಬೇಕಾದಷ್ಟಿದ್ದರು. ಬಳೆಯೊಂದು ಹೇಳಿದ್ದು ಇದೇ ಮೊದಲು.

ಆ ಬಳೆಯ ಹೆಸರು ನೆಲೆಮಾಪಕ. ಸೂರಿಲ್ಲದವರ ಉದ್ಧಾರಕ್ಕೆಂದು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮೂವತ್ತಾರು ಗಂಟೆ ಕಣ್ಣುಮುಚ್ಚದೆ ನಡೆಸಿದ ಹ್ಯಾಕಥಾನ್ ಎಂಬ ಆವಿಷ್ಕಾರ ಸ್ಪರ್ಧೆಯಲ್ಲಿ ಅದಕ್ಕೆ ಮೊದಲ ಬಹುಮಾನ ಬಂದಿತ್ತು. ಎರಡನೆಯ ಬಹುಮಾನ ಪಡೆದದ್ದು ಹತ್ತಿರದ ಸೂರಿನ ದಾರಿ ತೋರಿಸುವ ಕೊಡೆ. ಅವಸರದಲ್ಲಿ ಅದಕ್ಕೆ ಬಟ್ಟೆ ಹಾಕುವುದು ಮರೆತುಹೋಗಿತ್ತು. ನೆಲೆಮಾಪಕದ ತತ್ವ ಸರಳ. ಬಾಗಿಲು ಹಾಕಿಕೊಂಡು ಮಲಗುವವರ ಮಿದುಳು ಪೂರ್ತಿ ನಿದ್ರಿಸುತ್ತದೆ. ಬೀದಿಯಲ್ಲಿ ಮಲಗುವವರ ಮಿದುಳಿನ ಒಂದು ಭಾಗ ಎಚ್ಚರವಿದ್ದು, ಪ್ರತಿ ಹೆಜ್ಜೆಯ ಸಪ್ಪಳಕ್ಕೂ ಕಿವಿಗೊಡುತ್ತದೆ. ಈ ಎಚ್ಚರ ನಾಡಿಯಲ್ಲಿ ಮೂಡಿಸುವ ಕಂಪನವನ್ನು ಅಳೆದು ಬಳೆ ‘ಕಾವಲಂಕ’ ಕೊಡುತ್ತದೆ. ವಾರದ ಸರಾಸರಿ ಅರವತ್ತು ದಾಟಿದರೆ ಸರ್ಕಾರದ ಸೂರು ಕಚೇರಿಯಿಂದ ಒಂದು ಕೋಣೆ ತಾನಾಗಿ ಮಂಜೂರು. ಕಾಗದ ಬೇಡ, ಯಾರ ಕಾಲು ಹಿಡಿಯುವುದೂ ಬೇಡ. ದ್ಯಾಮವ್ವನ ಸರಾಸರಿ ಇಪ್ಪತ್ತೊಂಬತ್ತು.

ಅವಳಿಗಾದರೋ ಕೋಣೆ ಬೇಕೇ ಬೇಕಿತ್ತು. ಎದೆಯಲ್ಲಿ ಕಫ ಕಟ್ಟಿತ್ತು. ಇನ್ನೊಂದು ಚಳಿಗಾಲ ಕಲ್ಲಿನ ಮೇಲೆ ಮಲಗಿದರೆ ಆಮೇಲೆ ಏಳುವ ಮಾತೇ ಇಲ್ಲವೆಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

ಬಳೆಯನ್ನು ರೂಪಿಸಿದ ತನ್ಮಯಿ, ಮೂರನೆಯ ವರ್ಷದ ವಿದ್ಯಾರ್ಥಿನಿ, ಕೆಂಪಗಾದ ಕಣ್ಣು ಉಜ್ಜಿಕೊಳ್ಳುತ್ತ ಓಡಿಬಂದಳು.

“ದ್ಯಾಮವ್ವಾರ, ನೀವು ಭಾಳ ಚಲೋ ನಿದ್ದಿ ಮಾಡಾಕತ್ತೀರಿ. ಹಂಗಾದ್ರ ಹೆಂಗ್ರಿ!”

“ನಿದ್ದಿ ಮಾಡೂದೂ ತಪ್ಪೇನವಾ? ನಾವು ನಾಕು ಮಂದಿ ಅದೀವಿ. ದಿನಾ ಒಬ್ಬರು ಪಾಳಿ ಮ್ಯಾಲೆ ಎದ್ದು ಕಾಯ್ತೀವಿ, ಮೂರು ಮಂದಿ ಮಕ್ಕೊಂತೀವಿ. ಮಾಬುಸಾಬ ಕಾಯಾಕ ಕುಂತಾನಂದ್ರ ಇರುವಿನೂ ಕೇಳಿ ದಾಟತೈತಿ.”

“ನಮ್ಮ ಸೂತ್ರದಾಗ ಪಾಳಿಗೆ ಜಾಗಾನ ಇಲ್ರಿ.”

“ನಿಮ್ಮ ಸೂತ್ರ ಒಂದಿನ ಆದ್ರೂ ಇಲ್ಲಿ ಮಕ್ಕೊಂಡಿತ್ತೇನು?”

ಅಂಥ ಪ್ರಶ್ನೆ ತನ್ಮಯಿಯ ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಬೇರೆ ದಾರಿಯಿಲ್ಲದೆ, ಅಂಕ ಏರಲೆಂದು, ಪಾಳಿಯ ಮೂವರು ಗೆಳೆಯರು ಒಂದು ವಾರ ದ್ಯಾಮವ್ವನ ಕೈಬಿಟ್ಟರು. ಅವಳು ಒಬ್ಬಳೇ ಮೀನು ಮಾರುಕಟ್ಟೆಯ ಹಿಂದೆ ಹೋಗಿ ಬಿದ್ದುಕೊಂಡಳು. ಕಾವಲಂಕ ಎಂಬತ್ತೆಂಟಕ್ಕೆ ಜಿಗಿಯಿತು, ಕೋಣೆಯ ಬೀಗದ ಕೈ ವಾರ ತುಂಬಿದ ದಿನವೇ ಕೈಸೇರಿತು.

ಕೋಣೆ ಬೆಚ್ಚಗಿತ್ತು, ಚಿಲಕ ಗಟ್ಟಿಯಾಗಿತ್ತು. ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಕೆಮ್ಮಿದರೆ ‘ನೀರು ಕುಡಿ’ ಎನ್ನಲು ಒಂದು ಜೀವವಿಲ್ಲ. ಎಂಟನೆಯ ದಿನ ಅವಳು ನಾಚಿಕೆ ಬಿಟ್ಟು ಹೋಗಿ ಮೂವರನ್ನೂ ಕರೆತಂದಳು. ಪಾಳಿ ಶುರುವಾಯಿತು, ನಿದ್ದೆ ಬಂತು, ಕೆಮ್ಮು ಇಳಿಯಿತು. ಅದರ ಜೊತೆಗೆ ಕಾವಲಂಕವೂ ಇಳಿಯಿತು. ಸೂರು ಕಚೇರಿಯ ಜಾಣತನ ನೋಡಿ: ಕೋಣೆ ಕೊಟ್ಟ ಮೇಲೂ ಅದು ವಾರವಾರ ಅಂಕ ನೋಡುತ್ತಿತ್ತು. ಸುಖವಾಗಿ ನಿದ್ರಿಸುವವರಿಗೆ ಕೋಣೆ ಯಾಕೆ? ಏಳು ದಿನದೊಳಗೆ ಖಾಲಿ ಮಾಡಿ ಎಂದು ನೋಟೀಸು ಬಂತು.

“ಬಳಿ ಇತ್ತ ಕೊಡು,” ಎಂದ ಮಾಬುಸಾಬ. “ಎದ್ದಿರಾಂವ ನಾನು. ನಾನ ಹಾಕ್ಕೊಂತೀನಿ.” ‘ನಾನೇನು ಬಳಿ ತೊಟ್ಕೊಂಡಿಲ್ಲ’ ಎಂದು ಜೀವನಪೂರ್ತಿ ಮೀಸೆ ತಿರುವಿದ್ದ ಮನುಷ್ಯ ಅರವತ್ತೆರಡನೆಯ ವಯಸ್ಸಿಗೆ ಬಳೆ ತೊಟ್ಟ. ಉಳಿದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಂದಿನಿಂದ ಪಾಳಿ ಯಾರದೋ ಬಳೆಯೂ ಅವರದು. ಅಂಕ ತೊಂಬತ್ತಕ್ಕೇರಿತು, ನೋಟೀಸು ರದ್ದಾಯಿತು.

ಆದರೆ ಒಬ್ಬಳೇ ಹೆಂಗಸಿನ ನಾಡಿ ದಿನಕ್ಕೊಂದು ಥರ ಬಡಿಯುವುದು ತನ್ಮಯಿಯ ಕಣ್ಣಿಗೆ ಬೀಳದಿರುತ್ತದೆಯೆ? ಒಂದು ಭಾನುವಾರ ಮಧ್ಯಾಹ್ನ ಬಾಗಿಲಿಗೇ ಬಂದಳು.

“ಇದು ಮೋಸ ಅಲ್ಲೇನ್ರಿ? ನಾ ವರದಿ ಮಾಡಬೇಕಾಗತೈತಿ.”

ದ್ಯಾಮವ್ವನಿಗೆ ಮತ್ತೆ ಆ ಕಲ್ಲು, ಆ ಚಳಿ ಕಣ್ಣಮುಂದೆ ಬಂದವು. ಆದರೂ ಹುಡುಗಿಯ ನಿದ್ದೆಗೆಟ್ಟ ಮುಖ ನೋಡಿ ಬೇಡಿಕೊಳ್ಳುವುದನ್ನೇ ಮರೆತಳು.

“ಮಾಡವಾ. ಮೊದಲ ಚಾ ಕುಡಿ. ನೀ ಯಾವಾಗ ಮಕ್ಕೊಂಡಿದ್ದಿ?”

“ಹ್ಯಾಕಥಾನಿನ ಮುಂಚೆ.”

ಚಹಾ ಕುದಿಯುವಷ್ಟರಲ್ಲಿ ಹುಡುಗಿ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು. ನಾಲ್ವರೂ ಸರದಿಯ ಮೇಲೆ ಅವಳನ್ನು ಕಾದರು. ಅವಳು ಎದ್ದದ್ದು ಸೋಮವಾರ ಮಧ್ಯಾಹ್ನ. ಚಹಾ ಕುಡಿದು, “ನನಗೂ ಒಂದು ಪಾಳಿ ಕೊಡ್ರಿ,” ಎಂದಳು. ಮಂಗಳವಾರದ ಪಾಳಿ ಕೊಟ್ಟರು.

ಸೂರು ಕಚೇರಿಯ ತಜ್ಞರು ಈಗ ಬೆರಗಿನ ವರದಿಯೊಂದನ್ನು ಹೊರಡಿಸಿದ್ದಾರೆ: ಕೋಣೆ ಪಡೆದ ಐವತ್ತೆಂಟರ ಮಹಿಳೆಯೊಬ್ಬರ ನಾಡಿ ಪ್ರತಿ ಮಂಗಳವಾರ ಇಪ್ಪತ್ತರ ಹರೆಯಕ್ಕೆ ಮರಳುತ್ತಿದೆ. ಇದರ ಗುಟ್ಟು ಕಂಡುಹಿಡಿಯಲು ಹೊಸ ಹ್ಯಾಕಥಾನ್ ಘೋಷಣೆಯಾಗಿದೆ. ಅದಕ್ಕೆ ಮುಖ್ಯ ಅತಿಥಿಯಾಗಿ ದ್ಯಾಮವ್ವನನ್ನು ಆಹ್ವಾನಿಸಲು ಹಿರಿಯ ಅಧಿಕಾರಿಯೊಬ್ಬರು ಹಾರ ಹಿಡಿದು ಮುಂಜಾನೆಯೇ ಬಂದರು. ಮಾಬುಸಾಬ ಬಳೆಯ ಕೈಯನ್ನು ಶಾಲಿನೊಳಗೆ ಎಳೆದುಕೊಂಡು ಅವರನ್ನು ಹೊಸ್ತಿಲಲ್ಲೇ ತಡೆದ.

“ಮೆಲ್ಲಕ ಮಾತಾಡ್ರಿ ಸಾಹೇಬ್ರ. ಆಕಿ ಮಕ್ಕೊಂಡಾಳ.”