ಗಂಟಿನಲ್ಲಿದ್ದ ಬಸ್ಸಿನ ವೇಳಾಪಟ್ಟಿ

ಗಂಟು ಬಿಚ್ಚಿದಾಗ ಒಳಗಿದ್ದದ್ದು ಉಮರ್ಗಾ ಡಿಪೊದ ಬಸ್ಸುಗಳ ಹಳೆಯ ವೇಳಾಪಟ್ಟಿ.

ಹತ್ತು ಹನ್ನೆರಡು ಜನ ಕೈಮುಗಿದು ನಿಂತಿದ್ದೆವು. ಮುಗಿದ ಕೈ ಇಳಿಸಬೇಕೋ ಬಾರದೋ ಯಾರಿಗೂ ತಿಳಿಯಲಿಲ್ಲ. ಪ್ರತಿ ವರ್ಷ ಶ್ರಾವಣದಲ್ಲಿ ಆ ಕೆಂಪು ಗಂಟಿಗೆ ವಿಭೂತಿ ಹಚ್ಚಿ, ಹೂವೇರಿಸಿ, ಕಾಯಿ ಒಡೆದವರು ನಾವು. ನಾನಂತೂ ಹನ್ನೊಂದು ವರ್ಷ ಅಡ್ಡಬಿದ್ದಿದ್ದೇನೆ. ಯಾವುದಕ್ಕೆ? ಬೆಳಗಿನ ಏಳೂ ನಲವತ್ತರ ನಿಲಂಗಾ ಗಾಡಿಗೆ.

ಗಡಿಯಾಚೆ ಮರಾಠಿ ಸೀಮೆಯಲ್ಲಿರುವ ಉದಗೀರದ ನಮ್ಮ ವಿಶ್ವವಿದ್ಯಾಲಯದ ವಾಕ್ ಮತ್ತು ನಾಟಕ ವಿಭಾಗಕ್ಕೆ ಈ ವರ್ಷ ಐವತ್ತು ತುಂಬಿತು. ಕಾಸಾರಶಿರಸಿಯ ರಾಚಯ್ಯ ಮಾಸ್ತರರು ಹತ್ತಿ ಗೋದಾಮೊಂದರಲ್ಲಿ ಅದನ್ನು ಶುರುಮಾಡಿದವರು. ಉಸಿರು ಹಿಡಿಯುವುದು ಹೇಗೆ, ಕೊನೆಯ ಸಾಲಿನವನಿಗೂ ಮಾತು ಮುಟ್ಟಿಸುವುದು ಹೇಗೆ ಎಂಬ ಪಾಠಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಗುರುವಿನ ಪುಸ್ತಕವೆಂದರೆ ಇಲ್ಲಿಯವರಿಗೆ ಗದ್ದುಗೆಯಷ್ಟೇ ಪವಿತ್ರ. ಶಿಷ್ಯರು ಅದನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಪೂಜೆಗಿಟ್ಟರು, ಮತ್ತೆ ಬಿಚ್ಚಲಿಲ್ಲ. ಮಾಸ್ತರರು ತೀರಿಹೋದರು. ಪಾಠಗಳು ಬಾಯಿಂದ ಬಾಯಿಗೆ ಉಳಿದವು.

ನನ್ನ ಹೆಸರು ಶೈಲೇಶ. ಊರು ಭಾಲ್ಕಿ, ಕೆಲಸ ಪ್ರಾಂಪ್ಟರ್. ರಂಗದ ಮರೆಯಲ್ಲಿ ನಿಂತು ಎಲ್ಲರ ಮಾತನ್ನೂ ನೆನಪಿಸುವವನು. ಅಂದು ನನಗೇ ಮಾತು ಮರೆತಿತ್ತು.

ವಿಭಾಗದ ಮುಖ್ಯಸ್ಥೆ ಯೋಗಿತಾ ಮೇಡಂ ಕಲಬುರಗಿಯವರು, ಇಲ್ಲಿಗೆ ಬಂದು ಆರು ವರ್ಷ. ವಿಭಾಗದ ಇತಿಹಾಸ ಬರೆದು ಮುಗಿಸಿದ್ದರು, ಸೋಮವಾರ ಅದು ಪ್ರೆಸ್ಸಿಗೆ ಹೋಗಬೇಕಿತ್ತು. ಗಂಟು ಬಿಚ್ಚಿಸಿದ್ದು ಅದಕ್ಕಾಗಿ ಮಾತ್ರವಲ್ಲ. ಜಳಕೋಟದಿಂದ ಚಂದ್ರಭಾಗಾ ಎಂಬ ಮುದುಕಿ ಬಂದು ಜಗಲಿಯ ಮೇಲೆ ಕೂತಿದ್ದಳು. ಕುರಿ ಕಾಯುವ ಮನೆತನ, ಬೀರಪ್ಪನ ಪದ ಹಾಡುವಾಕೆ. ಉಸಿರಿನ ಪಾಠ ತನ್ನದು, ತಾನು ಹೇಳಿದೆ, ಮಾಸ್ತರರು ಬರೆದುಕೊಂಡರು, ಪುಸ್ತಕದಲ್ಲಿ ತನ್ನ ಹೆಸರೂ ಹಾಕಿದ್ದಾರೆ, ಇತಿಹಾಸದಲ್ಲೂ ಹಾಕಿರಿ ಎಂಬುದು ಆಕೆಯ ಬೇಡಿಕೆ. ಪುಸ್ತಕ ಹೇಳಿದರೆ ಹಾಕುತ್ತೇನೆ ಎಂದು ಮೇಡಂ ಒಪ್ಪಿದ್ದರು. ಈಗ ಪುಸ್ತಕವೇ ಇಲ್ಲ. ಸೋಮವಾರದೊಳಗೆ ಸಿಗದಿದ್ದರೆ ಆಕೆಯ ಹೆಸರೂ ಇಲ್ಲ.

ನಾನು ಉಮರ್ಗಾಕ್ಕೆ ಫೋನ್ ಮಾಡಿದೆ. ಕಾಂತಾಬಾಯಿ ಅಲ್ಲಿನ ಠಾಣೆಯಲ್ಲಿ ಮೂವತ್ತು ವರ್ಷ ಜಮಾದಾರ್ ಆಗಿದ್ದು ನಿವೃತ್ತರಾದವರು, ನನಗೆ ದೂರದ ಅತ್ತೆ. ಮರುದಿನ ಶುಕ್ರವಾರ ರೊಟ್ಟಿ ಕಟ್ಟಿಕೊಂಡು ಬಸ್ಸಿಳಿದರು. ಅಷ್ಟರಲ್ಲಿ—ಪುಸ್ತಕ ಸಿಕ್ಕಿಬಿಟ್ಟಿತ್ತು!

ವೇಷಭೂಷಣದ ಪೆಟ್ಟಿಗೆಯ ಹಿಂದೆ ಬಿದ್ದಿತ್ತು ಎಂದರು ಯೋಗಿತಾ ಮೇಡಂ. ಹಳದಿ ಕಾಗದ, ಮಾಸಿದ ಶಾಯಿ, ಗುಂಡಗಿನ ಕನ್ನಡ ಅಕ್ಷರ. ನಾವು ಕಲಿಸುವ ಪಾಠಗಳೆಲ್ಲ ಇದ್ದವು. ಪ್ರತಿ ಪಾಠದ ಕೆಳಗೆ ರಾಚಯ್ಯ ಎಂಬ ಹೆಸರು. ಚಂದ್ರಭಾಗಾ ಎಲ್ಲೂ ಇಲ್ಲ.

"ಇದು ಅದಲ್ಲ," ಎಂದಳು ಮುದುಕಿ.

ಕಾಂತಾಬಾಯಿ ಆಕೆಯ ಪಕ್ಕದಲ್ಲೇ ಕೂತರು. "ಆಯಿ, ನಿನಗ ಓದ್ಲಿಕ್ಕಿ ಬರ್ತದೇನು?"

"ಇಲ್ಲವಾ."

"ಮತ್ತ ಅದಲ್ಲ ಅಂತ ಹ್ಯಾಂಗ ಹೇಳ್ತಿ?"

"ಮಾಸ್ತರು ನನ್ನ ಮುಂದೇ ಕುಂತು ಬರದಾರ. ಅವರ ಅಕ್ಷರ ಹಗ್ಗಕ್ಕ ಅರಿವಿ ಒಣ ಹಾಕ್ದಂಗ ಜೋತು ಬಿದ್ದಿದ್ದವು. ಇವು ಕಡಲಿ ಚೆಲ್ಲಿದಂಗ ಅವ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾಂತಾಬಾಯಿ ಮಾತ್ರ ನಗಲಿಲ್ಲ.

ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು. ಕಳೆದ ಪುಸ್ತಕ ಕಣ್ಣೆದುರಿಗಿದೆ, ಆದರೂ ಕಳವಾಗಿದೆಯೆಂದು ವಿಚಾರಣೆ. ಕದ್ದವರು ಯಾರು? ಗ್ರಂಥಾಲಯ ನೋಡಿಕೊಳ್ಳುವ ಜ್ಞಾನೇಶ್ವರ ಸರ್ ಮೇಲೆ ಮೊದಲು ಅನುಮಾನ ಬಂತು, ಗಂಟಿಟ್ಟ ಕೋಣೆಯ ಕೀಲಿಕೈ ಅವರದು. ಆದರೆ ಅವರು ಲಾತೂರಿನ ಮರಾಠಿ ಮೇಷ್ಟ್ರು. ಕನ್ನಡದ ಒಂದು ಮಾತೂ ತಿಳಿಯದವರಿಗೆ ಈ ಪುಸ್ತಕ ಯಾಕೆ? ಆಮೇಲೆ ಮುದುಕಿಯನ್ನೇ ಶಂಕಿಸಿದೆ. ಸಂಜೆ ಹೊತ್ತಿಗೆ, ನಾನೇ ಎಲ್ಲೋ ಇಟ್ಟು ಮರೆತೆನೇನೋ ಎನ್ನಿಸತೊಡಗಿತು.

ಕಾಂತಾಬಾಯಿ ಕೇಳಿದ್ದು ಕೆಲವೇ ಪ್ರಶ್ನೆ. ಮಾಸ್ತರರು ಯಾವ ಶಾಲೆಯಲ್ಲಿ ಓದಿದ್ದರು? ಕಾಸಾರಶಿರಸಿಯಲ್ಲೇ, ಎಂದರು ಜ್ಞಾನೇಶ್ವರ ಮರಾಠಿಯಲ್ಲಿ. ಅವರ ಕೈಬರಹವನ್ನು ಮೇಡಂ ಹಿಂದೆ ನೋಡಿದ್ದರೇ? ಇಲ್ಲ, ಅವರ ಕಾಗದಪತ್ರ ಯಾವುದೂ ಉಳಿದಿಲ್ಲ. ಹಾಗೆನ್ನುತ್ತಿದ್ದ ಮೇಡಂ ಕುರ್ಚಿಯ ಮೇಲ್ಗಡೆ ಗೋಡೆಯಲ್ಲಿ, ಗಾಜು ಹಾಕಿಸಿದ ಎರಡು ಸಾಲಿನ ಬರಹವೊಂದು ಧೂಳು ಹಿಡಿದು ತೂಗುತ್ತಿತ್ತು. ಅಕ್ಷರ ಮರಾಠಿಯವು. ಯಾವುದೋ ಶ್ಲೋಕವಿರಬೇಕೆಂದು ನಾವೆಲ್ಲ ಎಂದೋ ತೀರ್ಮಾನಿಸಿದ್ದೆವು. ಕಾಂತಾಬಾಯಿ ಅದನ್ನೇ ನೋಡುತ್ತ ಚಹಾ ಕುಡಿದರು. ಆಮೇಲೆ ಜ್ಞಾನೇಶ್ವರರನ್ನು ಕರೆದುಕೊಂಡು ಗ್ರಂಥಾಲಯಕ್ಕೆ ಹೋದರು.

ಶನಿವಾರ ಮಧ್ಯಾಹ್ನ ಎಲ್ಲರನ್ನೂ ಸೇರಿಸಿದರು. ಗೋಡೆಯ ಗಾಜಿನ ಚೌಕಟ್ಟು ಮೇಜಿನ ಮೇಲಿತ್ತು.

"ಸರ್, ಇದನ್ನ ಜೋರಾಗಿ ವಾಚಾ," ಓದಿರೆಂದು ಕೈಮಾಡಿ ತೋರಿಸಿದರು ಕಾಂತಾಬಾಯಿ.

ಜ್ಞಾನೇಶ್ವರ ಓದಿದರು: "ಮೊದ್ಲ ಉಸುರು ಹಿಡಿ. ಮಾತು ಆಮ್ಯಾಲ ಬರ್ತದ." ಓದಿ, ಇದರ ಅರ್ಥ ತನಗೆ ಗೊತ್ತಿಲ್ಲವೆಂದು ಮರಾಠಿಯಲ್ಲಿ ತಪ್ಪೊಪ್ಪಿಕೊಂಡರು.

ನನಗೆ ಗೊತ್ತಾಯಿತು. ಕನ್ನಡ! ಮರಾಠಿ ಅಕ್ಷರದಲ್ಲಿ ಕನ್ನಡ. ಕೆಳಗೆ ರಾಚಯ್ಯ ಮಾಸ್ತರರ ಸಹಿ. ಹನ್ನೊಂದು ವರ್ಷ ಅದರ ಕೆಳಗೇ ಓಡಾಡಿದ್ದೇನೆ.

"ನಮ್ಮ ಕಡಿ ಮನ್ಯಾಗ ಮಾತು ಕನ್ನಡ, ಸಾಲ್ಯಾಗ ಅಕ್ಷರ ಮರಾಠಿ," ಎಂದರು ಕಾಂತಾಬಾಯಿ. "ಕನ್ನಡ ಅಕ್ಷರ ಕಲಸೋರು ಯಾರಿದ್ರು? ನಮ್ಮವ್ವನ ಪತ್ರ ಹಿಂಗೇ ಬರ್ತಿದ್ದವು. ತಲಿ ಮ್ಯಾಲ ಗೆರಿ ಎಳದು, ಕೆಳಗ ಅಕ್ಷರ. ಆಯಿ ಹೇಳಿದ ಹಗ್ಗ ಅಂದ್ರ ಆ ಗೆರಿ."

ಆಮೇಲೆ ಚೀಲದಿಂದ ಒಂದು ನೋಟ್‌ಬುಕ್ ತೆಗೆದರು. ಮರಾಠಿ ಕಪಾಟಿನಲ್ಲಿ ಓದಿದರೂ ಅರ್ಥವಾಗದ ಪುಸ್ತಕ ಯಾವುದಾದರೂ ಇದೆಯೇ ಎಂದು ಜ್ಞಾನೇಶ್ವರರನ್ನು ಕೇಳಿದ್ದರಂತೆ. ಅವರು ನೇರವಾಗಿ ಹೋಗಿ ಇದನ್ನು ತಂದುಕೊಟ್ಟರಂತೆ. ನಾಲಿಗೆ ಪಳಗಿಸುವ ಅರ್ಥವಿಲ್ಲದ ಶಬ್ದಗಳೆಂದು ತಿಳಿದಿದ್ದರು. ಕನ್ನಡದವರು ಅಕ್ಷರ ನೋಡಿ ಬಿಟ್ಟರು, ಮರಾಠಿಯವರು ಓದಿ ನೋಡಿ ಬಿಟ್ಟರು. ಗಂಟಿನ ಕಥೆಯನ್ನು ಮಾಸ್ತರರೇ ಕೊನೆಯ ಪುಟದಲ್ಲಿ ಬರೆದಿದ್ದರು: ಹುಡುಗರು ಗಂಟು ಬಿಚ್ಚಗೊಡುತ್ತಿಲ್ಲ, ನನಗೆ ಪಾಠಕ್ಕೆ ಪುಸ್ತಕ ಬೇಕು, ಅವರಿಲ್ಲದಾಗ ಒಳಗೆ ಬೇರೆ ಕಾಗದ ಇಟ್ಟಿದ್ದೇನೆ.

"ಹಂಗಾದ್ರ ಕದ್ದವರು ಯಾರೂ ಇಲ್ಲೇನು, ಅತ್ತಿ?" ಎಂದೆ.

"ಕದ್ದವ್ರಿಲ್ಲ. ಖೋಟಾ ಬರದವ್ರು ಇದ್ದಾರ." ಮೊದಲು ಸಿಕ್ಕಿದ್ದ ಪುಸ್ತಕವನ್ನು ಮುಂದೆ ಸರಿಸಿದರು. "ಮಾಸ್ತರ ಕೈಬರಹ ನೋಡದೇ ಇದ್ದವ್ರು ಇದನ್ನ ಬರದಾರ. ಕನ್ನಡದವ್ರು ಕನ್ನಡ ಅಕ್ಷರದಾಗೇ ಬರೀತಾರಂತ ತಿಳದಾರ. ಇಲ್ಲಿ ಕನ್ನಡ ಅಕ್ಷರ ಬರೋದು ಇಬ್ಬರಿಗೇ. ಶೈಲೇಶ ಬರದದ್ದು ಅವಗೇ ಓದ್ಲಿಕ್ಕಿ ಬರಂಗಿಲ್ಲ. ಬರೀದೇ ಉಳದ ಹಳೀ ಕಾಗದ ಇಟ್ಟ ಕ್ವಾಣಿ ಕೀಲಿ ನಿಮ್ಮ ಹತ್ರ ಅದ, ಯೋಗಿತಾಬಾಯಿ."

ಯೋಗಿತಾ ಮೇಡಂ ಆ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ಉಸಿರಿನ ಪಾಠ ರಾಚಯ್ಯನವರೊಬ್ಬರದೇ ಎಂದು ವಾದಿಸಿಯೇ ಅವರು ಪಿಎಚ್.ಡಿ. ಪಡೆದಿದ್ದರು. ನಮ್ಮ ಬಾಯಲ್ಲಿದ್ದ ಪಾಠವನ್ನೇ ತಾನು ಬರೆದೆ, ಸುಳ್ಳು ಪಾಠ ಒಂದೂ ಇಲ್ಲ ಎಂದರು.

"ಪಾಠ ಸುಳ್ಳಲ್ಲ, ಖರೆ," ಎಂದರು ಕಾಂತಾಬಾಯಿ. "ಹೆಸರು?"

ಜ್ಞಾನೇಶ್ವರ ಮೊದಲ ಪಾಠ ಓದತೊಡಗಿದರು. ಓದುವವರಿಗೆ ಒಂದಕ್ಷರದ ಅರ್ಥ ತಿಳಿಯದು. ಓದಲು ಬಾರದ ಮುದುಕಿಗೆ ಎಲ್ಲವೂ ತಿಳಿಯುತ್ತಿತ್ತು, ಆಕೆಯ ತುಟಿ ಜೊತೆಜೊತೆಗೇ ಅಲುಗುತ್ತಿತ್ತು. ಪಾಠದ ಕೊನೆಗೆ ಬಂತು: "ಹೇಳಿದಾಕಿ ಚಂದ್ರಭಾಗಾ. ಕಲ್ತಾಂವ ರಾಚಯ್ಯ."

ಯೋಗಿತಾ ಮೇಡಂ ಎದ್ದು, ಪ್ರೆಸ್ಸಿಗೆ ಹೊರಟಿದ್ದ ಇತಿಹಾಸದ ಮೊದಲ ಪುಟ ತೆಗೆದು, ಮುದುಕಿಯ ಎದುರಿಗೇ ಒಂದು ಸಾಲು ಹೊಡೆದುಹಾಕಿ ಮೇಲೆ ಹೊಸ ಸಾಲು ಬರೆದರು.

ತನ್ನ ಹೆಸರು ಯಾವುದೆಂದು ಚಂದ್ರಭಾಗಾ ಕೇಳಿದಳು. ಮೇಡಂ ಬೆರಳಿಟ್ಟು ತೋರಿಸಿದರು. ಮುದುಕಿ ಬಗ್ಗಿ ಬಹಳ ಹೊತ್ತು ನೋಡಿದಳು.

"ಇಷ್ಟೇ ಏನವಾ?"

"ಇಷ್ಟೇ, ಆಯಿ."

"ಭಾಳ ಸಣ್ಣದದ. ಅಳಸಿ, ಜರಾ ದೊಡ್ಡದ ಬರಿ."

ಮೇಡಂ ಮತ್ತೆ ಬರೆದರು.