ಒಂದು ಚಿಟಿಕೆ ಮುಂಚೆ

ಚರ್ಚಿನ ಗಾಯನ ತಂಡಕ್ಕೆ ಹೊಸಬರು ಬೇಕೆಂದು ಬಾಗಿಲ ಬಳಿ ಚೀಟಿ ಅಂಟಿಸಿದ ಮೂರನೆಯ ದಿನ, ಗಡಿಯಾರ ರಿಪೇರಿಯವನು ಆ ಚೀಟಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದ. ಬೇರೆಯವರು ಓದಬಾರದೆಂದು ಕಿತ್ತಿರಾ ಎಂದು ಟೀಚರ್ ಕೇಳಿದಳು. ವಿಳಾಸ ಮರೆತುಹೋದೀತೆಂದು ಕಿತ್ತುಕೊಂಡು ಬಂದೆ ಎಂದ ಅವನು. ವಿಳಾಸವೆಂದರೆ ಅವನು ನಿಂತಿದ್ದ ಕಟ್ಟಡವೇ.

ಟೀಚರ್ ವಾರವೆಲ್ಲ ಶಾಲೆಯಲ್ಲಿ ಗಣಿತ ಕಲಿಸುವಳು, ಭಾನುವಾರ ತಂಡದ ನಾಯಕಿ. ಮೂವತ್ತೈದು ದಾಟಿದ ಮೇಲೆ ಅವಳ ಮದುವೆಯ ಮಾತು ಮನೆಯಲ್ಲಿ ತಾನಾಗಿಯೇ ನಿಂತುಹೋಗಿತ್ತು. ಅದರಿಂದ ಅವಳಿಗೆ ದುಃಖವೂ ಆಗಿರಲಿಲ್ಲ, ನೆಮ್ಮದಿಯೂ ಆಗಿರಲಿಲ್ಲ.

ತಂಡದಲ್ಲೊಂದು ಪದ್ಧತಿಯಿತ್ತು. ಹೊಸಬರನ್ನು ಚಪ್ಪಾಳೆ ತಟ್ಟಿ ಸ್ವಾಗತಿಸಿ, ನಾಯಕಿಯ ಎಡಕ್ಕೆ ನಿಲ್ಲಿಸಿ, ಕೈಗೆ ಮೈಕು ಕೊಡುವರು. ಮೊದಲ ಏಳು ಭಾನುವಾರ ಆ ವೈರಿಲ್ಲದ ಮೈಕಿನಲ್ಲಿ ಬ್ಯಾಟರಿ ಸೆಲ್ಲೇ ಇರುವುದಿಲ್ಲ. ಈ ಗುಟ್ಟು ಬಲ್ಲವರು ಇಬ್ಬರೇ: ಟೀಚರ್, ಮತ್ತು ಹಿಂದಿನ ಮೂಲೆಯಲ್ಲಿ ಸೌಂಡ್ ನೋಡಿಕೊಳ್ಳುವ ಅವಳ ದೊಡ್ಡಮ್ಮ. ಎಂಟನೆಯ ವಾರ ನಾಯಕಿ ಹೂಂ ಎಂದರೆ ಸೆಲ್ಲು ಬೀಳುತ್ತದೆ. ಉಹೂಂ ಎಂದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಆಸಾಮಿಯನ್ನು ಬೀಳ್ಕೊಡಬೇಕು.

ಇವನ ದನಿ ಚೆನ್ನಾಗಿತ್ತು. ಆದರೆ ಪ್ರತಿಯೊಂದು ಸಾಲನ್ನೂ ಒಂದು ಚಿಟಿಕೆ ಹೊಡೆಯುವಷ್ಟು ಮುಂಚೆಯೇ ಎತ್ತಿಬಿಡುತ್ತಿದ್ದ.

"ಊರ ಗಡಿಯಾರನೆಲ್ಲ ಸರಿ ಮಾಡ್ತೀರಿ, ನೀವು ಮಾತ್ರ ಮುಂದೆ ಓಡ್ತೀರಲ್ಲ," ಎಂದಳು ಟೀಚರ್.

"ಹಿಂದೆ ಬೀಳೋ ಗಡಿಯಾರ ಯಾರಿಗೂ ಬೇಡ ಟೀಚರ್. ಮುಂದೆ ಓಡೋದನ್ನ ಜನ ಕ್ಷಮಿಸ್ತಾರೆ."

ಅಭ್ಯಾಸದ ಸಂಜೆಗಳಲ್ಲಿ ಅವಳು ಮೇಜಿನ ಮೇಲೆ ತಾಳ ತಟ್ಟಿ ತೋರಿಸುವಳು. ಅವನು ತಾಳ ಬಿಟ್ಟು ಅವಳ ಬೆರಳುಗಳನ್ನು ನೋಡುವನು. ಒಮ್ಮೆ ಸಿಕ್ಕಿಬಿದ್ದಾಗ, ನಿಮ್ಮ ವಾಚು ಸರಿ ಇದೆಯೇ ಎಂದು ನೋಡುತ್ತಿದ್ದೆ ಎಂದ. ಅಂದು ಅವಳು ವಾಚು ಕಟ್ಟಿರಲಿಲ್ಲ.

ಎಂಟನೆಯ ಭಾನುವಾರ ದೊಡ್ಡಮ್ಮ ಸೆಲ್ಲು ಹಿಡಿದು ಕಾದಿದ್ದಳು. ಹೂಂ ಎಂದರೆ ತಂಡದ ಹಾಡು ಕೆಡುತ್ತದೆ. ಉಹೂಂ ಎಂದರೆ ಎಡಗಡೆ ಖಾಲಿಯಾಗುತ್ತದೆ. ಟೀಚರ್ ತಲೆಯಾಡಿಸಿ ಬೇಡವೆಂದಳು.

"ಹಾಡಿಗೆ ಬೇಡ್ವೋ, ನಿಂಗೇ ಬೇಡ್ವೋ?"

"ಹಾಡಿಗೆ."

"ಹಾಗಾದ್ರೆ ಅದನ್ನೂ ಹೇಳು ಮಗಳೇ."

ಹಾಡೆಲ್ಲ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಅವಳು ಸ್ವಲ್ಪ ಹೊತ್ತು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದಳು. ಅನಂತರ, ತಂಡಕ್ಕೆ ಸೇರಿಸಿಕೊಳ್ಳಲು ಆಗುವುದಿಲ್ಲ, ಇಷ್ಟು ದಿನ ನಿಮ್ಮ ಮೈಕಿನಲ್ಲಿ ಸೆಲ್ಲೂ ಇರಲಿಲ್ಲ ಎಂದು ಹೇಳಿ ಮುಗಿಸಿದಳು.

"ಗೊತ್ತು," ಎಂದ ಅವನು. "ಮೊದಲನೇ ವಾರ ಕೈಗೆ ತಗೊಂಡಾಗ್ಲೇ ತೂಕ ಕಮ್ಮಿ ಅನ್ನಿಸ್ತು. ಸಣ್ಣ ತೂಕ ನೋಡೋದೇ ನನ್ನ ಕಸುಬಲ್ವಾ."

"ಮತ್ತೆ ಯಾರಿಗೆ ಕೇಳ್ಲಿ ಅಂತ ಹಾಡಿದ್ರಿ?"

"ಪಕ್ಕದಲ್ಲಿ ನಿಂತಿದ್ದೋರಿಗೆ ಕೇಳ್ತಿತ್ತಲ್ಲ."

ಮೈಕನ್ನು ಅವಳ ಕೈಗಿತ್ತು ಅವನು ಮೆಟ್ಟಿಲಿಳಿದು ಹೋದ. ದೊಡ್ಡಮ್ಮ ಹೇಳೆಂದ ಮಾತು ಬಾಯಲ್ಲೇ ಉಳಿಯಿತು.

ಮುಂದಿನ ಭಾನುವಾರ ಅವನು ಮೂರನೆಯ ಬೆಂಚಿನಲ್ಲಿ ಕುಳಿತಿದ್ದ. ಟೀಚರ್ ಮೊದಲ ಸಾಲೆತ್ತಿದಳು, ಒಂದು ಚಿಟಿಕೆ ಮುಂಚೆ. ಎಂಟು ವಾರ ಎಡಗಿವಿಗೆ ಬಿದ್ದದ್ದು ನಾಲಿಗೆಗೆ ಇಳಿದಿತ್ತು. ನಾಯಕಿಯನ್ನು ನಂಬಿದ ತಂಡವೂ ಅವಳ ಹಿಂದೆಯೇ ನುಗ್ಗಿತು. ಕೀಬೋರ್ಡು ಏದುಸಿರುಬಿಡುತ್ತಾ ಬಂದು ಸೇರಿಕೊಂಡಿತು. ಇಡೀ ಚರ್ಚಿನಲ್ಲಿ ಸರಿಯಾದ ಹೊತ್ತಿಗೆ ಹಾಡಿದವನು ಒಬ್ಬನೇ. ಅವನು ವಾರವೆಲ್ಲ ಅಂಗಡಿಯಲ್ಲಿ ಕುಳಿತು ತಾಳ ತಿದ್ದಿಕೊಂಡು ಬಂದಿದ್ದ. ದೊಡ್ಡಮ್ಮ ಹೆಡ್‌ಫೋನ್ ತೆಗೆದಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಹೊರಗೆ ಟೀಚರ್ ನೇರವಾಗಿ ಅವನ ಬಳಿಗೇ ನಡೆದಳು.

"ನಿಮ್ಮಿಂದ ನನ್ನ ತಾಳ ಕೆಟ್ಟುಹೋಗಿದೆ."

"ರಿಪೇರಿ ಮಾಡ್ಕೊಡ್ಲಾ?"

"ಬೇಡ. ನೀವು ಬೇಡ ಅಂತ ನಾನು ಹೇಳಿದ್ದು ಹಾಡಿಗೆ ಮಾತ್ರ. ನಾಳೆ ನಾಲ್ಕು ಗಂಟೆಗೆ ಅಂಗಡಿಗೆ ಬರ್ತೀನಿ."

ಮರುದಿನ ಅವಳು ಅಂಗಡಿ ತಲುಪಿದಾಗ, ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿದೆ ಎಂದು ಗೋಡೆಯ ಗಡಿಯಾರಗಳೆಲ್ಲ ಒಮ್ಮತದಿಂದ ಹೇಳುತ್ತಿದ್ದವು. ಅವನು ಆಗಲೇ ಬಾಗಿಲಲ್ಲಿ ನಿಂತಿದ್ದ.